ಐದರಲ್ಲಿ ಉಳಿದ ಒಂದು

ಆ ಲ್ಯಾಬಿನಲ್ಲಿ ಅವಳಿಗೆ ಎರಡು ಹೆಸರು. ಎದುರಿಗೆ ಅಕ್ಕ, ಬೆನ್ನ ಹಿಂದೆ ‘ಇನ್ನೊಂದ್ಸಲ’. ಯಾರಾದರೂ ಪ್ರಯೋಗ ಮುಗಿಸಿ, ಕೈಗವಸು ಕಳಚಿ, ಉಸ್ಸಪ್ಪಾ ಎಂದು ಕೂತರೆ ಸಾಕು, ಅವಳು ಹಿಂದಿನಿಂದ ಬಂದು, ಬಗ್ಗಿ ನೋಡಿ, “ಚೆನ್ನಾಗಿ ಬಂದಿದೆ. ಇನ್ನೊಂದ್ಸಲ ಮಾಡಿಬಿಡು” ಎನ್ನುತ್ತಿದ್ದಳು. ದನಿಯಲ್ಲಿ ಕಟುವಾದದ್ದು ಏನೂ ಇರುತ್ತಿರಲಿಲ್ಲ. ಊಟ ಸಾಕೆಂದು ಮುಖ ತಿರುಗಿಸುವ ಮಗುವಿಗೆ ಇದೊಂದು ತುತ್ತು ಎನ್ನುವ ಹಾಗೆಯೇ ಹೇಳುತ್ತಿದ್ದಳು. ಆದರೂ ಕೇಳಿಸಿಕೊಂಡವರ ಮುಖ ಹುಳ್ಳಗಾಗುತ್ತಿತ್ತು.

ಈ ಗುಣ ತವರಿನಿಂದ ಬಂದದ್ದು. ಅವಳ ಅಪ್ಪ ಬೀಗದ ಕೈ ಮಾಡುವವರು. ಬಸ್ ನಿಲ್ದಾಣದ ಮೂಲೆಯಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕಾದಷ್ಟು ಸಣ್ಣ ಅಂಗಡಿ. ಗಿರಾಕಿ ಕೀಲಿ ಚಾಚಿ, “ಇದರ ಥರ ಇನ್ನೊಂದು” ಎಂದರೆ ಅಪ್ಪನ ಮೊದಲ ಪ್ರಶ್ನೆ ಒಂದೇ: “ಇದು ಬೀಗದ ಜೊತೆ ಬಂದಿದ್ದೋ, ಎಲ್ಲಾದ್ರೂ ಮಾಡ್ಸಿದ್ದೋ?” ಮಾಡಿಸಿದ್ದು ಎಂದರೆ ವಾಪಸ್ಸು ಕಳಿಸುತ್ತಿದ್ದರು, ಅಸಲನ್ನು ಹುಡುಕಿ ತನ್ನಿ ಎಂದು. ಹಿತ್ತಾಳೆ ಪುಡಿ ಉದುರುವ ಆ ಕಟ್ಟೆಯ ಕೆಳಗೆ ಸ್ಟೂಲಿನ ಮೇಲೆ ಕೂತು ಹೋಂವರ್ಕ್ ಮಾಡಿದ ಹುಡುಗಿ, ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿನವಳು. ಆಮೇಲೆ ವಿಶ್ವವಿದ್ಯಾಲಯ, ಅಲ್ಲಿಂದ ಸಂಶೋಧನೆ. ನಡುವೆ ಸಿಟಿ ಬಸ್ ಓಡಿಸುವ ಒಬ್ಬ ಸಾಧು ಮನುಷ್ಯನೊಂದಿಗೆ ಮದುವೆ. ಮದುವೆಯಾದ ಮೇಲೆ ಪುಟ್ಟಿ.

ಪುಟ್ಟಿ ಹುಟ್ಟಿದಾಗ ನೆಂಟರಿಷ್ಟರೆಲ್ಲ ಅವಳ ಓದಿಗೆ ಅಲ್ಲಿಗೆ ಮಂಗಳ ಹಾಡಿಬಿಟ್ಟಿದ್ದರು. “ಇನ್ನೇನು, ಮಗು ಆಯ್ತಲ್ಲ” ಎಂದವರಿಗೆ ಉತ್ತರ ಕೊಟ್ಟದ್ದು ಅವಳಲ್ಲ, ಅವಳ ಅತ್ತೆ. ಅತ್ತೆ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. “ಮಗು ಆದ್ರೆ ತಲೆ ಕೆಲಸ ನಿಲ್ಲುತ್ತೇನ್ರೀ? ಬುಟ್ಟಿಗಟ್ಟಲೆ ಮಕ್ಕಳನ್ನ ಎತ್ತಿ ಹಿಡಿದೋಳು ನಾನು. ಇದೊಂದು ನನಗೆ ಭಾರವಾ?” ಎಂದು ಸೊಸೆಯ ಕೈಗೆ ಚೀಲ ಕೊಟ್ಟು, ಬಾಗಿಲ ತನಕ ತಳ್ಳಿಕೊಂಡೇ ಬಂದಿದ್ದರು.

ಹಾಗೆ ತಳ್ಳಿಸಿಕೊಂಡು ಹೋದವಳು ಲ್ಯಾಬಿನಲ್ಲಿ ಹಿಡಿದು ಕೂತದ್ದು ಒಂದು ಯೀಸ್ಟನ್ನು. ಹಿಟ್ಟು ಉಬ್ಬಿಸುವ ಯೀಸ್ಟಿನ ದೂರದ ನೆಂಟ ಅದು. ಹೂವಿನ ಮಕರಂದದಲ್ಲಿ ಬದುಕುತ್ತದೆ, ಜೇನುಹುಳದ ಮೂತಿಗೆ ಅಂಟಿಕೊಂಡು ಹೂವಿಂದ ಹೂವಿಗೆ ಸವಾರಿ ಮಾಡುತ್ತದೆ. ಅದರ ಒಂದೇ ಒಂದು ಜೀನ್ ಅವಳ ಹಗಲನ್ನೆಲ್ಲ ತಿನ್ನುತ್ತಿತ್ತು.

ಜೀನ್ ಎಂದರೆ ಜೀವಕೋಶ ಓದಿಕೊಳ್ಳುವ ಒಂದು ಬರಹ. ವಿಚಿತ್ರವೆಂದರೆ, ಆ ಬರಹದ ನಡುನಡುವೆ ಮುಖ್ಯ ಮಾತಿಗೆ ಸೇರದ ತುಂಡುಗಳು ತೂರಿಕೊಂಡಿರುತ್ತವೆ. ಅವುಗಳಿಗೆ ಇಂಟ್ರಾನ್ ಎನ್ನುತ್ತಾರೆ. ಕೋಶ ಮೊದಲು ಇಡೀ ಬರಹದ ಒಂದು ನಕಲು ತೆಗೆಯುತ್ತದೆ. ಆ ನಕಲಿನಿಂದ ಇಂಟ್ರಾನ್‌ಗಳನ್ನು ಕತ್ತರಿಸಿ ಬಿಸಾಕಿ, ಉಳಿದದ್ದನ್ನು ಅಂಚಿಗೆ ಅಂಚು ಕೂಡಿಸಿ, ಅದರಿಂದ ಕೆಲಸ ನಡೆಸುತ್ತದೆ. ಅಸಲಿನಲ್ಲಿ ಮಾತ್ರ ಅವು ಇದ್ದಲ್ಲೇ ಇರುತ್ತವೆ, ತಲೆಮಾರಿನಿಂದ ತಲೆಮಾರಿಗೆ. ಆದರೆ ಕೆಲವು ಜೀವಿಗಳಲ್ಲಿ ಕಾಲಾಂತರದಲ್ಲಿ ಅವು ಅಸಲಿನಿಂದಲೇ ಮಾಯವಾಗಿವೆ. ಹೇಗೆ ಮಾಯವಾದವು? ಅವಳ ಪ್ರಶ್ನೆ ಇದು. ಮಕರಂದದ ಯೀಸ್ಟಿನ ಒಡಹುಟ್ಟಿದಂಥ ಜಾತಿಗಳಲ್ಲೆಲ್ಲ ಆ ಜೀನಿಗೆ ಐದು ಇಂಟ್ರಾನ್. ಇದರಲ್ಲಿ ಎಷ್ಟಿವೆ ಎಂದು ನೋಡಬೇಕಿತ್ತು. ಬಾಣಂತನದ ರಜೆಯೂ ಸೇರಿ ಅವಳ ಸಂಶೋಧನೆಯ ಅವಧಿ ಮುಗಿಯುತ್ತ ಬಂದಿತ್ತು. ಈ ಜೀನ್ ಏನಾದರೂ ಹೇಳಿದರೆ ಅವಳ ಪ್ರಬಂಧ. ಹೇಳದಿದ್ದರೆ ಕೈಯಲ್ಲಿ ಏನೂ ಇಲ್ಲ.

ಅದು ಹೇಳಿದ ದಿನ ಅವಳು ಲ್ಯಾಬಿನಲ್ಲೇ ಇರಲಿಲ್ಲ. ಪುಟ್ಟಿಗೆ ಜ್ವರ. ಒದ್ದೆ ಬಟ್ಟೆ ಹಿಂಡಿ ಹಣೆಗಿಡುತ್ತ ಕೂತಿದ್ದಾಗ ಫೋನ್ ಹೊಡೆದುಕೊಂಡಿತು. ಜೊತೆಯಲ್ಲಿ ಸಂಶೋಧನೆ ಮಾಡುವ ಹುಡುಗ. ಕೈ ಚುರುಕು, ಬಾಯಿ ಇನ್ನೂ ಚುರುಕು, ಹಾಗಾಗಿ ಎಲ್ಲರ ಬಾಯಲ್ಲೂ ಅವನು ಮಿಂಚು.

“ಅಕ್ಕಾ! ನಿಮ್ಮ ಸ್ಯಾಂಪಲ್ ಹಾಗೇ ಕೂತಿತ್ತಲ್ಲ, ನಾನೇ ಓಡಿಸಿಬಿಟ್ಟೆ. ಐದೂ ಇಲ್ಲ ಅಕ್ಕ! ಐದಕ್ಕೆ ಐದೂ ಖಾಲಿ!”

ಅವಳ ಕೈಯ ಬಟ್ಟೆ ತೊಟ್ಟಿಕ್ಕುತ್ತಲೇ ಇತ್ತು. “ನಿಜವಾಗ್ಲೂ?”

“ನಿಜವಾಗ್ಲೂ ಅಂದ್ರೆ? ಮೇಡಂ ಆಗಲೇ ಕುಣಿಯೋದೊಂದು ಬಾಕಿ!”

ಮೇಡಂ ಎಂದರೆ ಲ್ಯಾಬಿನ ಮುಖ್ಯಸ್ಥೆ. ಅವರು ಕುಣಿಯುವವರಲ್ಲ. ಅಂಥವರು ಖುಷಿಯಾಗಿದ್ದಾರೆಂದರೆ ವಿಷಯ ದೊಡ್ಡದೇ. ಮುಂದಿನ ತಿಂಗಳ ವಿಜ್ಞಾನಿಗಳ ಸಭೆಯಲ್ಲಿ ತಾವೇ ಇದನ್ನು ಓದುವುದಾಗಿ ಅಂದೇ ತಿಳಿಸಿಬಿಟ್ಟಿದ್ದರಂತೆ, ಅವಳ ಹೆಸರನ್ನು ಮೊದಲು ಹಾಕಿ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಔಷಧಿ ತರುವ ನೆಪದಲ್ಲಿ ಹೋದವರು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಸುದ್ದಿ ಹಂಚಿಕೊಂಡೇ ಬಂದರು. ಕಿಟಕಿಯಿಂದ ಅವಳಿಗೆ ಎಲ್ಲ ಕೇಳಿಸುತ್ತಿತ್ತು.

“ನಮ್ಮ ಸೊಸೆ ಕಂಡುಹಿಡಿದುಬಿಟ್ಟಳು ಕಣ್ರೀ!” ಅತ್ತೆ ಮೂಲೆ ಅಂಗಡಿಯವನಿಗೆ ಹೇಳುತ್ತಿದ್ದರು.

“ಏನನ್ನಮ್ಮಾ?”

“ಏನೋ ಕಳೆದುಹೋಗಿತ್ತಂತೆ.”

“ಸಿಕ್ತಾ ಹಾಗಾದ್ರೆ?”

“ಎಲ್ಲಿ ಸಿಗುತ್ತೆ? ಕಳೆದುಹೋಗಿದೆ ಅಂತ ಸಿಕ್ತು.”

ಅಂಗಡಿಯವನು ತಲೆ ಕೆರೆದುಕೊಂಡು, ಏನೇ ಆಗಲಿ ಎಂದು ಪುಟ್ಟಿಗೆ ಒಂದು ಬಿಸ್ಕತ್ತಿನ ಪೊಟ್ಟಣ ಕಳಿಸಿದ.

ಜ್ವರ ಇಳಿದ ಸಂಜೆ ಪುಟ್ಟಿ ಅಜ್ಜಿಯ ಎದುರು ಕಾಲು ಚಾಚಿ ಕೂತು ಉಣ್ಣುತ್ತಿದ್ದಳು. ಅಜ್ಜಿ ಎಂದಿನ ಹಾಗೆ ಅಳಿಲಿನ ಕಥೆ ಹೇಳುತ್ತಿದ್ದರು. ಮನೆ ತಪ್ಪಿಸಿಕೊಂಡ ಅಳಿಲು ಹೊಳೆ ದಾಟಿ ಅಮ್ಮನನ್ನು ಸೇರುವ ಕಥೆ. ಕಥೆ ಸಣ್ಣದೇ, ಅಜ್ಜಿಯ ಬಾಯಲ್ಲಿ ಮಾತ್ರ ಅದು ಬೆಳೆಯುತ್ತಿತ್ತು. ಅಳಿಲು ಛತ್ರಿ ಹುಡುಕಿತು ಎಂದರೆ ಅಜ್ಜಿಗೆ ಹಿಂದೊಮ್ಮೆ ತಮ್ಮ ಛತ್ರಿ ಎಗರಿಸಿದ ವಾರ್ಡ್ ಬಾಯ್ ನೆನಪಾಗುತ್ತಿದ್ದ. ಹೊಳೆ ಎಂದರೆ ವಾರ್ಡಿಗೆ ನೀರು ನುಗ್ಗಿದ ದಿನ, ಆಮೆ ಎಂದರೆ ಆಮೆಗತಿಯ ಒಬ್ಬ ಡಾಕ್ಟರು. ಅಮ್ಮ ಹೇಳುವಾಗ ಇದನ್ನೆಲ್ಲ ಬಿಟ್ಟು ಕಥೆಯನ್ನಷ್ಟೇ ಹೇಳುತ್ತಿದ್ದಳು, ತುತ್ತು ಆರಬಾರದಲ್ಲ.

“ಅದಿರಲಿ, ಆ ಇಂಟ್ರಾನೋ ಪಂಟ್ರಾನೋ, ಅದೇನು ಸರಿಯಾಗಿ ಹೇಳೇ ಮಾರಾಯ್ತಿ” ಎಂದರು ಅತ್ತೆ. “ಬೀದಿಯವರು ಕೇಳ್ತಾರೆ, ನಾನು ಬಾಯಿ ಬಡಾಯಿ ಕೊಚ್ಚಿಕೊಂಡು ಒದ್ದಾಡ್ತೀನಿ.”

ಅವಳು ನಕ್ಕಳು. “ನಿಮ್ಮ ಕಥೇಲಿ ಬರ್ತಾರಲ್ಲ ಅತ್ತೆ, ಛತ್ರಿ ಕದ್ದ ವಾರ್ಡ್ ಬಾಯ್, ಆಮೆ ಡಾಕ್ಟ್ರು. ಅವರೇ ಇಂಟ್ರಾನು.”

“ಓಹೋ! ಅಂದ್ರೆ ನನ್ನ ಕಥೆ ತುಂಬ ಕಸ ಅಂತಾಯ್ತು.”

“ಕಸ ಅಂದೋರು ಯಾರು? ನಿಮ್ಮ ಹತ್ರ ಇರೋದು ಅಸಲು. ನಾನು ಅದನ್ನೇ ಕೇಳಿಸ್ಕೊಂಡು, ಅವರನ್ನೆಲ್ಲ ಬಿಟ್ಟು ಇವಳಿಗೆ ಹೇಳ್ತೀನಿ. ಅದು ನಕಲು. ದಿನಾ ಕೋಶದ ಒಳಗೆ ನಡೆಯೋದು ಇಷ್ಟೇ. ಈಗ ಪುಟ್ಟಿ ನಿಮಗೇ ತಿರುಗಿ ಕಥೆ ಹೇಳ್ತಾಳಲ್ಲ, ಅದನ್ನ ಕೇಳಿ ಕೇಳಿ ನೀವೂ ಹಾಗೇ ಹೇಳೋಕೆ ಶುರು ಮಾಡಿದ್ರಿ ಅಂದ್ಕೊಳ್ಳಿ. ಆಗ ಅಸಲಿಂದಾನೇ ಡಾಕ್ಟ್ರು ಹೋದ್ರು. ಆಮೇಲೆ ಈ ಮನೇಲಿ ಹುಟ್ಟೋ ಯಾವ ಮಗುಗೂ ಅವರು ಗೊತ್ತಾಗಲ್ಲ.”

“ಪಾಪ, ಒಳ್ಳೇ ಡಾಕ್ಟ್ರು” ಎಂದರು ಅತ್ತೆ.

“ಅಜ್ಜೀ, ಡಾಕ್ಟ್ರು ಬೇಡ! ಆಮೆ ಹೇಳು!” ಎಂದಳು ಪುಟ್ಟಿ, ಬಾಯಿ ತುಂಬ ಅನ್ನ ಇಟ್ಟುಕೊಂಡು.

ಮಾರನೆಯ ದಿನ ಅವಳು ಲ್ಯಾಬಿಗೆ ಹೋದಾಗ ಮಿಂಚು ಜೆಲ್‌ನ ಫೋಟೋವನ್ನು ಗೋಡೆಗೆ ಅಂಟಿಸಿಟ್ಟಿದ್ದ. ಜೆಲ್ ಎಂದರೆ ಒಂದು ತೆಳ್ಳನೆಯ, ಗಾಜಿನಂಥ ಹಲ್ವದ ಬಿಲ್ಲೆ. ಒಂದು ತುದಿಯಲ್ಲಿ ಸಾಲಾಗಿ ಗುಳಿಗಳು. ಗುಳಿಗೊಂದು ಸ್ಯಾಂಪಲ್ ಹಾಕಿ ಕರೆಂಟ್ ಹರಿಸಿದರೆ ಡಿಎನ್‌ಎ ತುಂಡುಗಳು ಓಡತೊಡಗುತ್ತವೆ. ಗಿಡ್ಡ ತುಂಡು ಮುಂದೆ, ಉದ್ದ ತುಂಡು ಹಿಂದೆ. ಕತ್ತಲ ಕೋಣೆಯ ದೀಪದಲ್ಲಿ ಅವು ನಿಂತ ಜಾಗದಲ್ಲಿ ಗೆರೆ ಹೊಳೆಯುತ್ತದೆ. ಫೋಟೋದಲ್ಲಿ ಅವಳ ಯೀಸ್ಟಿನ ಗೆರೆಗಳೆಲ್ಲ ಸಾಲಾಗಿ ಬಹಳ ಕೆಳಗೆ ಹೊಳೆಯುತ್ತಿದ್ದವು. ಐದೂ ಇಂಟ್ರಾನ್ ಕಳೆದ ಜೀನ್ ಎಲ್ಲಿ ನಿಲ್ಲಬೇಕೋ ಕರಾರುವಾಕ್ಕಾಗಿ ಅಲ್ಲಿಯೇ.

ಅವಳು ಹೆಮ್ಮೆಯಿಂದಲೇ ನೋಡಿದಳು. ಬೆರಳಿಟ್ಟು ಒಂದೊಂದೇ ಗುಳಿಯನ್ನು ಓದಿದಳು. ಕೊನೆಯ ಗುಳಿಗೆ ಬಂದಾಗ ಬೆರಳು ನಿಂತಿತು.

“ನೀರು ಎಲ್ಲಿ ಹಾಕಿದೀಯ?”

“ಯಾವ ನೀರು?”

“ಬರೀ ನೀರಿನ ಗುಳಿ. ಡಿಎನ್‌ಎ ಹಾಕದೇ ಇರೋದು.”

“ಓ ಅದಾ. ಜಾಗ ಸಾಲಲಿಲ್ಲ ಅಕ್ಕ. ಇನ್ನೊಂದು ಹೂವಿನ ಯೀಸ್ಟು ಉಳಿದಿತ್ತು, ಅದನ್ನ ಹಾಕೋಣ ಅಂತ ನೀರು ಕೈಬಿಟ್ಟೆ. ನೀರಲ್ಲೇನಿರುತ್ತೆ, ಮಣ್ಣು?”

ಅವಳು ಫೋಟೋವನ್ನು ಗೋಡೆಯಿಂದ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಪ್ರತಿ ಗೆರೆಯ ಮೇಲೂ, ಸ್ವಲ್ಪ ಎತ್ತರದಲ್ಲಿ, ಇದ್ದೂ ಇಲ್ಲದ ಹಾಗೆ ಇನ್ನೊಂದು ನೆರಳು. ಉಸಿರು ತಾಗಿ ಮಬ್ಬಾದ ಗಾಜಿನಷ್ಟು.

“ಅದು ಕೊಳೆ ಅಕ್ಕ. ಜೆಲ್ ಸರಿ ಕರಗಿರಲಿಲ್ಲ.”

ಎಲ್ಲ ಗುಳಿಯಲ್ಲೂ ಒಂದೇ ಎತ್ತರಕ್ಕೆ ಕೊಳೆ ಕೂರುತ್ತದೆಯೇ? ಹೊಳೆಯುವ ಗೆರೆಯೇ ಬೇರೆಲ್ಲಿಂದಲೋ ಬಂದದ್ದಾದರೆ? ಕಳೆದ ತಿಂಗಳು ಇದೇ ಮೇಜಿನ ಮೇಲೆ, ಇದೇ ಜೀನಿನ ನಕಲನ್ನು ಲ್ಯಾಬಿನವರು ಹಿಡಿದಿಟ್ಟಿದ್ದರು: ಕೋಶ ಇಂಟ್ರಾನ್‌ಗಳನ್ನೆಲ್ಲ ಕತ್ತರಿಸಿ ಹಾಕಿದ ಮೇಲಿನ ನಕಲನ್ನು, ಮತ್ತೆ ಡಿಎನ್‌ಎ ರೂಪಕ್ಕೆ ತಿರುಗಿಸಿ. ಜೀನ್ ಎಷ್ಟು ಚುರುಕಾಗಿದೆ ಎಂದು ನೋಡಲು ಮಾಡಿದ ಕೆಲಸ ಅದು. ಆ ನಕಲಿನಲ್ಲೂ ಐದೂ ಇಲ್ಲ. ಅದೂ ಜೆಲ್‌ನಲ್ಲಿ ನಿಲ್ಲುವುದು ಇದೇ ಜಾಗದಲ್ಲಿ. ಕಣ್ಣಿಗೆ ಕಾಣದಷ್ಟು ಒಂದು ಹನಿ ಪಿಪೆಟ್ಟಿನ ಮೂತಿಯಿಂದ, ಎಲ್ಲ ಸ್ಯಾಂಪಲ್ಲಿಗೂ ಬೆರೆಸುವ ನೀರಿನ ಬಾಟಲಿಗೆ ಬಿದ್ದಿದ್ದರೆ ಸಾಕು. ಜೆಲ್‌ಗೆ ಹಾಕುವ ಮುಂಚೆ ಡಿಎನ್‌ಎ ತುಂಡು ಒಂದನ್ನು ಕೋಟಿ ಮಾಡುವ ಯಂತ್ರ ಅವರದು. ಅಸಲನ್ನು ಹಿಂದೆ ತಳ್ಳಿ ನಕಲನ್ನೇ ಬೆಳೆಸಿಬಿಡುತ್ತದೆ. ನಕಲಿನ ಜೊತೆ ದಿನವಿಡೀ ಏಗುವವರು ಮಾತ್ರ ಬೀಳುವ ಹಳ್ಳ ಅದು.

ಹಾಗಾದರೆ ಜೀನ್ ಏನನ್ನೂ ಕಳೆದುಕೊಂಡೇ ಇಲ್ಲದಿರಬಹುದು. ಹಾಗಾದರೆ ಪ್ರಬಂಧವೂ ಇಲ್ಲ.

ಮೇಡಂ ಕೋಣೆಯ ಬಾಗಿಲ ಹೊರಗೆ ಅವಳು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಕೇಳುವವರಿರಲಿಲ್ಲ. ಆದರೆ ಕೇಳುವವರಿಲ್ಲ ಎಂಬುದೇ ಅವಳಿಗೆ ಬಟ್ಟೆಯೊಳಗೆ ಮುಳ್ಳು ಸಿಕ್ಕ ಹಾಗಾಗಿತ್ತು. ಬಾಗಿಲು ತಟ್ಟಿದಳು.

ಮೇಡಂ ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಸಭೆ ಎಷ್ಟು ಹತ್ತಿರ ಇದೆ ಗೊತ್ತಾ?”

“ಗೊತ್ತು ಮೇಡಂ.”

“ಗೊತ್ತಿದ್ದೂ ಈಗ ಬಂದು ಹೇಳ್ತಿದೀಯ.”

“ಸಭೆ ಆದಮೇಲೆ ಹೇಳಿದ್ರೆ ಇನ್ನೂ ಕೆಟ್ಟದಾಗಿರುತ್ತಲ್ಲ ಮೇಡಂ.”

“ಅದು ತಪ್ಪು ಅಂತ ಬಂದ್ರೆ ನಿನ್ನ ಕೈಲಿ ಏನೂ ಉಳಿಯಲ್ಲ. ಯೋಚನೆ ಮಾಡಿದೀಯ?”

“ರಾತ್ರಿಯೆಲ್ಲ ಮಾಡೋಕೆ ಟೈಮ್ ಸಿಗಲಿಲ್ಲ. ಈಗ ಬಾಗಿಲ ಹತ್ರ ನಿಂತು ಮಾಡಿದೆ.” ಅವಳು ಕೈಯಲ್ಲಿದ್ದ ಫೋಟೋವನ್ನು ಮೇಜಿನ ಮೇಲಿಟ್ಟಳು. “ಇಲ್ಲದೇ ಇರೋದನ್ನ ಇದೆ ಅಂತ ಹೇಳಿ ಉಳಿಸ್ಕೊಳ್ಳೋದಕ್ಕಿಂತ ಏನೂ ಉಳೀದೇ ಇರೋದೇ ವಾಸಿ.”

ಮೇಡಂ ಕಿಟಕಿಯ ಕಡೆ ನೋಡಿದರು. “ಸರಿ. ಇನ್ನೊಂದ್ಸಲ ಮಾಡು” ಎಂದರು. ಹೇಳಿದ ಮೇಲೆ ತಮ್ಮ ಬಾಯಿಂದ ಬಂದ ಮಾತು ಯಾರದೆಂದು ಹೊಳೆದು ತುಟಿಯ ಒಂದು ಕೊನೆ ಅರಳಿತು. ಅವಳಿಗೂ ನಗು ಬಂತು, ಕಣ್ಣಲ್ಲಿ ನೀರಿದ್ದರೂ.

ಮನೆಯಲ್ಲಿ ಸುದ್ದಿ ಹೇಳಿದಾಗ ಅತ್ತೆ ತಲೆಯ ಮೇಲೆ ಕೈಹೊತ್ತು ಕೂತರು. “ಅಯ್ಯೋ, ನಾನು ಬೀದಿಗೆಲ್ಲ ಡಂಗುರ ಹೊಡೆದಾಯ್ತಲ್ಲೇ! ಬಿಸ್ಕತ್ತೂ ತಿಂದಾಯ್ತು!”

“ಸುಳ್ಳಾದ್ರೆ ಹೋಗಿ ಹೇಳ್ಬೇಕಾಗುತ್ತೆ ಅತ್ತೆ. ನಾನೇ ಹೇಳ್ತೀನಿ, ನೀವು ಮುಜುಗರ ಪಟ್ಕೋಬೇಡಿ.”

“ನೀನ್ಯಾಕೆ ಹೇಳ್ತೀಯ? ಹರಡಿದೋಳು ನಾನು, ಒರೆಸೋಳೂ ನಾನೇ.” ಅತ್ತೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. “ವಾರ್ಡಲ್ಲಿ ತಪ್ಪು ಸೂಜಿ ಚುಚ್ಚಿದ ಮೇಲೆ ಅತ್ತೋರನ್ನ ಬೇಕಾದಷ್ಟು ನೋಡಿದೀನಿ. ಚುಚ್ಚೋಕೆ ಮುಂಚೆ ತಡಿರಿ ಅಂದೋರು ಕಮ್ಮಿ. ನೀನು ತಡಿರಿ ಅಂದಿದೀಯ. ಹೋಗು, ನಿನ್ನ ಕೆಲಸ ನೋಡ್ಕೋ. ಪುಟ್ಟಿ ಇನ್ನು ಎರಡು ವಾರ ನನ್ನ ಮಗಳು.”

ಗಂಡ ಹೆಚ್ಚು ಮಾತಾಡಲಿಲ್ಲ. ತನ್ನ ಪಾಳಿಯನ್ನು ಬೆಳಗಿನದಕ್ಕೆ ಬದಲಿಸಿಕೊಂಡು ಸಂಜೆ ಪುಟ್ಟಿಯನ್ನು ಆಡಿಸಲು ಮನೆಗೆ ಬರತೊಡಗಿದ, ಅಷ್ಟೇ.

ಹಳೆಯ ಮೇಜು, ಹಳೆಯ ಪಿಪೆಟ್, ಹಳೆಯ ನೀರು ಯಾವುದನ್ನೂ ಮುಟ್ಟುವಂತಿರಲಿಲ್ಲ. ಆ ಜೀನಿನ ಗಾಳಿಯೂ ಸೋಕದ ಜಾಗ ಬೇಕಿತ್ತು. ಕೆಳಗಿನ ಮಹಡಿಯಲ್ಲಿ ಮಣ್ಣು ಪರೀಕ್ಷೆ ಮಾಡುವವರ ಲ್ಯಾಬಿತ್ತು. ಅಲ್ಲಿಯ ಮೇಷ್ಟ್ರ ಬಳಿ ಹೋಗಿ ಒಂದು ಮೂಲೆ ಕೇಳಿದಳು.

“ಶುಚಿಯಾದ ಜಾಗ ಬೇಕು ಅಂತ ನಮ್ಮ ಹತ್ರ ಬಂದಿದೀರಾ?” ಮೇಷ್ಟ್ರು ತಮ್ಮ ಕೆಸರು ಮೆತ್ತಿದ ತಟ್ಟೆಗಳನ್ನು ತೋರಿಸಿ ಹೊಟ್ಟೆ ಕುಲುಕಿಸಿ ನಕ್ಕರು. “ನೋಡ್ರಪ್ಪಾ, ನಮ್ಮ ಮಣ್ಣು ಮೇಲಿನವರ ನೀರಿಗಿಂತ ಮಡಿ ಅಂತಾಯ್ತು!” ನಗುತ್ತಲೇ ಕಿಟಕಿ ಪಕ್ಕದ ಕಟ್ಟೆಯನ್ನು ಖಾಲಿ ಮಾಡಿಸಿಕೊಟ್ಟರು.

ಅವಳು ಮೊದಲಿನಿಂದ ಶುರು ಮಾಡಿದಳು. ಹಿಮದ ಪೆಟ್ಟಿಗೆಯಲ್ಲಿದ್ದ ಮೂಲ ಯೀಸ್ಟನ್ನು ತೆಗೆದು ಬೆಳೆಸಿದಳು. ಮೇಲಿನ ಲ್ಯಾಬಿನ ಕೋಟು ಮೇಲೆಯೇ ಬಿಟ್ಟು, ಮನೆಯಿಂದ ಹೊಸದಾಗಿ ಒಗೆದ ಅಂಗಿ ತಂದು, ಕೂದಲು ಬಿಗಿದು ಕಟ್ಟಿ, ಹೊಸ ಬಾಟಲಿಯ ಮುಚ್ಚಳವನ್ನು ತಾನೇ ಒಡೆದಳು. ಯೀಸ್ಟಿನ ಕೋಶ ಒಡೆದು ಡಿಎನ್‌ಎ ತೆಗೆದಾಗ ಅದು ಕೊಳವೆಯೊಳಗೆ ಬಿಳಿ ನೂಲಿನ ಹಾಗೆ ಸುತ್ತಿಕೊಂಡಿತು. ಎಷ್ಟು ಸಲ ನೋಡಿದ್ದರೂ ಆ ನೂಲು ಕಂಡಾಗ ಅವಳಿಗೆ ಒಂದು ಕ್ಷಣ ಕೈ ನಿಲ್ಲುತ್ತಿತ್ತು. ಬಸುರಿಯಾಗಿದ್ದಾಗ ಪರದೆಯ ಮೇಲೆ ಪುಟ್ಟಿಯ ಬೆನ್ನುಮೂಳೆ ಕಂಡಾಗ ನಿಂತ ಹಾಗೆ.

ಮಿಂಚು ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಕೆಳಗಿಳಿದು ಬಂದು ಬಾಗಿಲಲ್ಲೇ ನಿಂತ.

“ಒಳಗೆ ಬರ್ಲಾ ಅಕ್ಕ, ಇಲ್ಲಾ ನಾನೂ ಕೊಳೆನಾ?”

“ಕೋಟು ಬಿಚ್ಚಿಟ್ಟು ಬಾ. ಕೈ ತೊಳಿ. ಮಾತು ಕಮ್ಮಿ ಮಾಡು.”

“ಮೊದಲೆರಡು ಆಗುತ್ತೆ” ಎಂದು ಬಂದ.

ಈ ಸಲದ ಜೆಲ್‌ನಲ್ಲಿ ಗುಳಿಗಳನ್ನು ಅವಳೇ ಹಂಚಿದಳು. ಮೊದಲು ಹೊಸ ಬಾಟಲಿಯ ಬರೀ ನೀರು. ಪಕ್ಕದಲ್ಲಿ, ಮುಚ್ಚಿದ ಕೊಳವೆಯಲ್ಲಿ ಮಿಂಚು ಬೇರೆಯಾಗಿ ತಯಾರಿಸಿ ತಂದ, ಮೇಲಿನ ಹಳೆ ಬಾಟಲಿಯ ಬರೀ ನೀರು. ಆಮೇಲೆ ಐದು ಇಂಟ್ರಾನ್ ಇರುವ ಒಡಹುಟ್ಟಿದ ಯೀಸ್ಟ್. ಕೊನೆಗೆ ಮಕರಂದದ್ದು. ಕರೆಂಟ್ ಹಾಕಿ ಕಾದರು. ಕತ್ತಲ ಕೋಣೆಗೆ ಬಿಲ್ಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ದೀಪ ಹಾಕಿದಳು.

ಹೊಸ ನೀರು ಖಾಲಿ. ಹಳೆ ನೀರು ಖಾಲಿಯಿರಲಿಲ್ಲ. ಡಿಎನ್‌ಎ ಎಂಬುದೇ ಹಾಕದ ಆ ಗುಳಿಯ ಕೆಳಗೆ, ಫೋಟೋದಲ್ಲಿದ್ದ ಅದೇ ಜಾಗದಲ್ಲಿ, ಗೆರೆ ಹೊಳೆಯುತ್ತಿತ್ತು.

ಮಿಂಚು ಗೋಡೆಗೆ ಒರಗಿದ. “ನೀರಲ್ಲೇ ಇದೆ ಅಕ್ಕ” ಎಂದ ಸಣ್ಣ ದನಿಯಲ್ಲಿ. “ಥೂ ನನ್ನ.”

ಅವಳಿಗೆ ಅವನ ಮಾತು ಕೇಳಿಸಲಿಲ್ಲ. ಅವಳ ಕಣ್ಣು ಕೊನೆಯ ಗುಳಿಯ ಮೇಲಿತ್ತು. ಒಡಹುಟ್ಟಿದ ಯೀಸ್ಟಿನ ಗೆರೆ ಮೇಲೆ, ಬಹಳ ಮೇಲೆ ನಿಂತಿತ್ತು. ಅವಳ ಯೀಸ್ಟಿನದು ಅದಕ್ಕಿಂತ ಎಷ್ಟೋ ಕೆಳಗೆ ಓಡಿ ಬಂದಿತ್ತು. ಆದರೆ ನಕಲಿನಷ್ಟು ಕೆಳಗಲ್ಲ. ಹಳೆ ಫೋಟೋದ ಮಬ್ಬು ನೆರಳು ಇದ್ದ ಎತ್ತರದಲ್ಲಿ, ಈಗ ದಪ್ಪಗೆ, ಒಂಟಿಯಾಗಿ, ಯಾರ ಹಂಗೂ ಇಲ್ಲದ ಹಾಗೆ ನಿಂತಿತ್ತು.

“ಗಿಡ್ಡದೇ ಕಣೋ” ಎಂದಳು. “ನಿಜವಾಗ್ಲೂ ಗಿಡ್ಡದೇ. ಆದ್ರೆ ಅಷ್ಟು ಗಿಡ್ಡ ಅಲ್ಲ. ಏನೋ ಒಂದು ಉಳ್ಕೊಂಡಿದೆ.”

ಯಾವುದು ಉಳಿದಿದೆ ಎಂದು ತಿಳಿಯಲು ಆ ತುಂಡನ್ನು ಯಂತ್ರದಲ್ಲಿ ಒಂದೊಂದೇ ಅಕ್ಷರವಾಗಿ ಓದಿಸಬೇಕಿತ್ತು. ಓದಿ ಬಂದ ದಿನ ಅವಳು ಪರದೆಯ ಮುಂದೆ ಕೂತು ಒಡಹುಟ್ಟಿದ ಯೀಸ್ಟಿನ ಬರಹವನ್ನು ಮೇಲೆ, ತನ್ನದನ್ನು ಕೆಳಗೆ ಇಟ್ಟುಕೊಂಡು ಸಾಲುಸಾಲಾಗಿ ಇಳಿದಳು. ಮೊದಲ ಇಂಟ್ರಾನ್ ಇತ್ತು, ಇಡಿಯಾಗಿ ಇತ್ತು. ಎರಡನೆಯದರ ಜಾಗ ಬಂತು: ಇಲ್ಲ. ಮೂರನೆಯದು ಇಲ್ಲ. ನಾಲ್ಕು, ಐದು, ಇಲ್ಲ. ಹೋದವು ಅಂಚಿನಲ್ಲಿ ಒಂದಕ್ಷರವನ್ನೂ ಬಿಟ್ಟಿರಲಿಲ್ಲ, ಪಕ್ಕದ ಒಂದಕ್ಷರವನ್ನೂ ಕಚ್ಚಿಕೊಂಡು ಹೋಗಿರಲಿಲ್ಲ. ಹೆಣಿಗೆ ಗೊತ್ತಿರುವವರು ಕೂಡಿಸಿದ ಹಾಗೆ ಕೂಡಿತ್ತು.

ಅವಳು ಮೇಡಂ ಕೋಣೆಗೆ ಓಡಿಯೇ ಹೋದಳು. ಬಾಗಿಲು ತಟ್ಟುವುದನ್ನೂ ಮರೆತಳು.

“ಮೇಡಂ, ಬಾಲದ ಕಡೆಯ ನಾಲ್ಕೂ ಹೋಗಿವೆ. ತಲೆ ಕಡೆಯ ಒಂದು ಉಳಿದಿದೆ.”

ಮೇಡಂ ಅರ್ಧ ಎದ್ದವರು ಹಾಗೆಯೇ ನಿಂತರು. ಅವರಿಗೆ ವಿವರಿಸಬೇಕಾಗಿರಲಿಲ್ಲ. ಇಂಟ್ರಾನ್ ಕಳೆಯುವ ಬಗೆಗೆ ಹಿಂದಿನಿಂದ ಇದ್ದ ಒಂದು ಊಹೆಯೆಂದರೆ, ಕತ್ತರಿಸಿ ಕೂಡಿಸಿದ ನಕಲನ್ನು ಕೋಶದೊಳಗಿನ ಯಾವುದೋ ಕಿಣ್ವ ಅಪರೂಪಕ್ಕೊಮ್ಮೆ ಮತ್ತೆ ಡಿಎನ್‌ಎ ಆಗಿ ಬರೆಯುತ್ತದೆ, ಅದು ಹೋಗಿ ಅಸಲಿನ ಜಾಗದಲ್ಲಿ ಕೂರುತ್ತದೆ ಎಂಬುದು. ಆ ಕಿಣ್ವ ಬರೆಯಲು ತೊಡಗುವುದು ಬಾಲದಿಂದ, ಅಂದರೆ ಬರಹದ ಕೊನೆಯಿಂದ. ಎಷ್ಟೋ ಸಲ ತಲೆ ಮುಟ್ಟುವ ಮುಂಚೆಯೇ ಸುಸ್ತಾಗಿ ಬಿಟ್ಟುಬಿಡುತ್ತದೆ. ಹಾಗಾದಾಗ ಬಾಲದ ಕಡೆಯದೆಲ್ಲ ಹೊಸದು, ತಲೆಯ ಕಡೆಯದು ಹಳೆಯ ಅಸಲು. ಐದೂ ಹೋಗಿದ್ದರೆ ಹೋದವು ಎನ್ನಬಹುದಿತ್ತು, ಅಷ್ಟೇ. ಆ ಒಂದು ಉಳಿದದ್ದರಿಂದ ಹೇಗೆ ಹೋದವು ಎಂಬುದರ ಹೆಜ್ಜೆ ಗುರುತು ಉಳಿದಿತ್ತು. ಲಕ್ಷಾಂತರ ವರ್ಷಗಳ ಹಿಂದೆ, ಯಾವುದೋ ಹೂವಿನೊಳಗೆ, ಯಾವುದೋ ಒಂದು ಕೋಶದಲ್ಲಿ ಬರೆಯುತ್ತ ಬಂದ ಕೈ ಇಲ್ಲಿಗೆ ನಿಂತಿತ್ತು.

“ಸಭೇಲಿ ಮೊದಲಿನದನ್ನೇ ಓದಿಬಿಟ್ಟಿದ್ರೆ!” ಎಂದರು ಮೇಡಂ. ಕುರ್ಚಿಗೆ ಕೂತು, ಅವಳನ್ನೇ ಒಂದು ಗಳಿಗೆ ನೋಡಿ, “ಸಭೇಲಿ ನಾನು ಓದಲ್ಲ. ನೀನೇ ನಿಂತು ಹೇಳು” ಎಂದರು.

“ನಾನಾ?”

“ಮತ್ತೆ ಇನ್ಯಾರು? ನಿಲ್ಲಿಸಿದ್ದು ನೀನು, ನಡೆಸಿದ್ದೂ ನೀನು.”

ಸಭೆಯ ದಿನ ಅತ್ತೆ ಪುಟ್ಟಿಯನ್ನು ಎತ್ತಿಕೊಂಡು, ಇಸ್ತ್ರಿ ಮಾಡಿದ ಸೀರೆಯುಟ್ಟು, ಸಭಾಂಗಣದ ಬಾಗಿಲ ಪಕ್ಕದ ಕೊನೆಯ ಕುರ್ಚಿಯಲ್ಲಿ ಬಂದು ಕೂತಿದ್ದರು. ಎಲ್ಲರ ಕಣ್ಣೂ ತಮ್ಮ ಮೇಲೆಯೇ ಇದೆ ಎಂಬಂತೆ ಬೆನ್ನು ನೆಟ್ಟಗೆ. ಪಕ್ಕದಲ್ಲಿ ಕೂತ ಯಾರೋ ಪ್ರೊಫೆಸರರು, “ನೀವು ಯಾವ ವಿಭಾಗ?” ಎಂದು ಕೇಳಿದ್ದಕ್ಕೆ, “ಸೊಸೆ ವಿಭಾಗ” ಎಂದುಬಿಟ್ಟರಂತೆ.

ಅವಳು ಮೊದಲು ತೋರಿಸಿದ್ದು ತಪ್ಪು ಫೋಟೋವನ್ನು. ಐದೂ ಇಲ್ಲ ಎಂದು ನಂಬಿದ್ದೆವು, ನಂಬಿದ್ದು ಹೀಗೆ, ಮೋಸ ಹೋದದ್ದು ಇಲ್ಲಿ, ಎಂದು ಆ ಹಳೆ ಬಾಟಲಿಯ ನೀರಿನ ಗೆರೆಯನ್ನು ತೋರಿಸಿದಳು. ಸಭೆಯಲ್ಲಿ ಗುಸುಗುಸು ಎದ್ದಿತು. ಮಿಂಚು ತಲೆ ತಗ್ಗಿಸಲಿಲ್ಲ. ಅವನ ಹೆಸರನ್ನು ಅವಳು ತಪ್ಪಿಗೆ ಹಾಕದೆ ಎರಡನೆಯ ಸಲದ ಕೆಲಸಕ್ಕೆ ಹಾಕಿದ್ದಳು. ಆಮೇಲೆ ಉಳಿದ ಒಂದು ಇಂಟ್ರಾನನ್ನು ತೋರಿಸಿದಳು. ಗುಸುಗುಸು ನಿಂತಿತು.

ಎರಡನೆಯ ಸಾಲಿನಲ್ಲಿದ್ದ ಹಿರಿಯ ವಿಜ್ಞಾನಿಯೊಬ್ಬರು ಎದ್ದರು. “ತಪ್ಪಾದ ಚಿತ್ರವನ್ನ ಯಾಕಮ್ಮ ತೋರಿಸಿದೆ? ಸರಿಯಾದದ್ದು ಇತ್ತಲ್ಲ.”

“ಅಂಥ ಬಾಟಲಿ ನಮ್ಮೊಬ್ಬರ ಲ್ಯಾಬಲ್ಲೇ ಇರುತ್ತೆ ಅಂತ ನನಗೆ ಅನ್ಸಲಿಲ್ಲ ಸರ್.”

ಸಭೆ ನಕ್ಕಿತು. ಹಿರಿಯರೂ ನಕ್ಕರು. ನಗು ಅಡಗುವ ಮುಂಚೆ ಪಕ್ಕದವರ ಕಡೆ ಬಾಗಿ ಏನೋ ಹೇಳಿದರು. ಆ ಪಕ್ಕದವರು ತಮ್ಮ ಲ್ಯಾಬಿನ ಬಾಟಲಿಗಳ ಬಗ್ಗೆ ಗಾಬರಿಯಿಂದ ಏನನ್ನೋ ಬರೆದುಕೊಂಡರು. ಹಿರಿಯರು ಮತ್ತೆ ನೆಟ್ಟಗಾಗಿ, “ಇನ್ನೊಂದೇ ಪ್ರಶ್ನೆ” ಎಂದರು.

ಅಷ್ಟರಲ್ಲಿ ಬಾಗಿಲ ಬಳಿ ಪುಟ್ಟಿ ರಾಗ ಎಳೆದಳು. ಅಮ್ಮ ಕಂಡೂ ಕೈಗೆ ಸಿಗುತ್ತಿಲ್ಲವೆಂಬ ಸಿಟ್ಟು. ಅತ್ತೆ ಎತ್ತಿಕೊಂಡು ಹೊರಗೆ ಹೋಗಲು ನೋಡಿದರೆ ಕಾಲು ಒದರಿ ಕಿರುಚಿದಳು. ವೇದಿಕೆಯ ಮೇಲೆ ಅವಳು ಒಂದು ಕ್ಷಣ ತಬ್ಬಿಬ್ಬಾದಳು. ಮೈಕನ್ನು ಮೇಡಂ ಕಡೆ ಚಾಚಿ, “ಇದೊಂದಕ್ಕೆ ನೀವು ಹೇಳ್ತೀರಾ ಮೇಡಂ?” ಎಂದಳು.

ಮೇಡಂ ಕೈ ಕಟ್ಟಿಕೊಂಡು ಕೂತಲ್ಲೇ ಕೂತಿದ್ದರು. “ಪ್ರಶ್ನೆ ನಿನಗೆ ಕೇಳಿದ್ದು. ಹೋಗಿ ಬಾ, ಕಾಯ್ತೀವಿ” ಎಂದರು. ದನಿ ಸಭೆಗೆಲ್ಲ ಕೇಳುವಷ್ಟಿತ್ತು. ಹಿರಿಯರು ತಲೆಯಾಡಿಸಿ ಕೂತರು.

ಇಡೀ ಸಭಾಂಗಣ ಕಾಯಿತು. ಅವಳು ಇಳಿದು ಹೋಗಿ, ಸೆರಗಿನಿಂದ ಪುಟ್ಟಿಯ ಮೂಗು ಒರೆಸಿ, ಕೆನ್ನೆಗೆ ಕೆನ್ನೆ ತಾಗಿಸಿ, ಸೊಂಟಕ್ಕೆ ಏರಿಸಿಕೊಂಡು, ಅವಸರವಿಲ್ಲದೆ ನಡೆದು ಮತ್ತೆ ವೇದಿಕೆ ಹತ್ತಿದಳು. ಪುಟ್ಟಿ ಅಷ್ಟು ಜನರನ್ನು ಕಂಡು ಅಳು ಮರೆತು ಬೆರಳು ಚೀಪುತ್ತ ಸುಮ್ಮನಾದಳು.

“ಈಗ ಕೇಳಿ ಸರ್.”

“ಆ ಮೊದಲನೆಯದು ಉಳಿದಿರೋದು ಬರೆಯೋ ಕಿಣ್ವ ಅಲ್ಲಿವರೆಗೆ ತಲುಪಲಿಲ್ಲ ಅಂತಲೋ, ಇಲ್ಲಾ ಅದರಿಂದ ಕೋಶಕ್ಕೆ ಏನಾದ್ರೂ ಉಪಯೋಗ ಇದೆ ಅಂತಲೋ?”

“ಗೊತ್ತಿಲ್ಲ ಸರ್” ಎಂದಳು ಅವಳು. ದನಿ ನಡುಗಲಿಲ್ಲ. “ಅದನ್ನ ತೆಗೆದು ನೋಡಿದ್ರೆ ಯೀಸ್ಟ್ ಬದುಕುತ್ತಾ, ಸೊರಗುತ್ತಾ ಅಂತ ನೋಡ್ಬೇಕು. ಸೋಮವಾರದಿಂದ ಶುರು ಮಾಡ್ತಿದೀನಿ.”